ರೆಟಿನಾದ ವೇನ್ ಬ್ಲಾಕ್: ಮುಂಬೈಯ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯ ಉಪನಗರವೊಂದರಲ್ಲಿ ಕಣ್ಣು ತಪಾಸಣೆ ಮಾಡುವ ಆಪ್ಟೋಮೆಟ್ರಿಸ್ಟ್. ಡೊಂಬಿವಲಿ, ಮುಲುಂಡ್, ವಾಶಿ, ಮೀರಾ ರೋಡ್ ಕಡೆಯಿಂದ ಬರುವ ಕನ್ನಡಿಗರು ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ರಿಪೋರ್ಟ್ ಹಿಡಿದುಕೊಂಡು ನನ್ನ ಹತ್ತಿರ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಓದಿ ತಿಳಿದುಕೊಳ್ಳಿ. ಆದರೆ ನಿಮ್ಮ ಕಣ್ಣಿಗೆ ಏನು ಬೇಕು ಅಂತ ತೀರ್ಮಾನಿಸಬೇಕಾದವರು ಅದನ್ನು ನೋಡಿದ ರೆಟಿನಾ ಡಾಕ್ಟರೇ.

ವೇನ್ ಬ್ಲಾಕ್ ಅಂದರೆ ಕಣ್ಣೊಳಗೆ ಏನಾಗಿರುತ್ತದೆ?

ಕಣ್ಣಿನ ಹಿಂಭಾಗದಲ್ಲಿ, ಒಳಗೋಡೆಗೆ ಅಂಟಿಕೊಂಡಿರುವ ತೆಳು ಪರದೆಯೇ ರೆಟಿನಾ. ನಾವು ನೋಡುವ ಚಿತ್ರ ಮೂಡುವುದು ಅಲ್ಲಿ. ಆರ್ಟರಿ ಅಲ್ಲಿಗೆ ರಕ್ತ ತರುತ್ತದೆ, ವೇನ್ ಅದನ್ನು ವಾಪಸ್ ಒಯ್ಯುತ್ತದೆ. ವಾಪಸ್ ಹೋಗುವ ದಾರಿ ಕಟ್ಟಿಕೊಂಡರೆ ಬಂದ ರಕ್ತ ಅಲ್ಲೇ ನಿಲ್ಲುತ್ತದೆ. ಒತ್ತಡ ಹೆಚ್ಚಾಗಿ ಸಣ್ಣ ಸಣ್ಣ ನಾಳಗಳಿಂದ ರಕ್ತವೂ ನೀರೂ ಸೋರುತ್ತವೆ. ಈ ನೀರು ಮ್ಯಾಕುಲಾದಲ್ಲಿ, ಅಂದರೆ ಅಕ್ಷರ ಓದುವ, ಮುಖ ಗುರುತು ಹಿಡಿಯುವ ನಡುಭಾಗದಲ್ಲಿ ತುಂಬಿಕೊಂಡಾಗ ದೃಷ್ಟಿ ಮಂಜಾಗುತ್ತದೆ.

ಮುಖ್ಯ ವೇನ್ ಕಟ್ಟಿಕೊಂಡರೆ ರಿಪೋರ್ಟಿನಲ್ಲಿ ಸಿಆರ್‌ವಿಓ ಅಂತ ಇರುತ್ತದೆ. ಅದರ ಒಂದು ಕವಲು ಮಾತ್ರ ಕಟ್ಟಿಕೊಂಡಿದ್ದರೆ ಬಿಆರ್‌ವಿಓ. ಕವಲಿನ ಬ್ಲಾಕೇ ಜಾಸ್ತಿ ಜನರಲ್ಲಿ ಕಾಣುವುದು, ಸಾಮಾನ್ಯವಾಗಿ ಚೇತರಿಕೆಯೂ ಅದರಲ್ಲೇ ಚೆನ್ನಾಗಿರುತ್ತದೆ. ರೆಟಿನಾದ ರಕ್ತನಾಳದ ಕಾಯಿಲೆಗಳಲ್ಲಿ ಶುಗರಿನಿಂದ ಬರುವ ತೊಂದರೆ ಮೊದಲನೆಯದು, ವೇನ್ ಬ್ಲಾಕ್ ಎರಡನೆಯದು. ಹಾಗಾಗಿ "ನನಗೊಬ್ಬನಿಗೇ ಬಂತಲ್ಲ" ಅಂದುಕೊಳ್ಳಬೇಡಿ.

ಬ್ಲಾಕ್ ಆಗುವುದು ಯಾಕೆ?

ರೆಟಿನಾದಲ್ಲಿ ಆರ್ಟರಿ ಮತ್ತು ವೇನ್ ಒಂದನ್ನೊಂದು ದಾಟುವ ಜಾಗಗಳಿವೆ. ಅಲ್ಲಿ ಎರಡಕ್ಕೂ ಸೇರಿ ಒಂದೇ ಹೊದಿಕೆ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಆರ್ಟರಿಯ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಗಟ್ಟಿ ಪೈಪು ಪಕ್ಕದ ಮೆತ್ತನೆಯ ರಬ್ಬರ್ ಪೈಪನ್ನು ಅದುಮಿದ ಹಾಗೆ ಅದು ವೇನನ್ನು ಅದುಮುತ್ತದೆ. ರಕ್ತದ ಓಟ ನಿಧಾನವಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಮುಖ್ಯ ವೇನ್ ಕೂಡ ಕಣ್ಣಿನ ನರದ ಇಕ್ಕಟ್ಟಾದ ಜಾಗದಲ್ಲಿ ಆರ್ಟರಿಯ ಮಗ್ಗುಲಲ್ಲೇ ಹೊರಗೆ ಹೋಗುತ್ತದೆ. ಅಲ್ಲೂ ಇದೇ ಕಥೆ.

ಐವತ್ತು ದಾಟಿದವರಲ್ಲಿ ಇದು ಜಾಸ್ತಿ. ಕಾರಣಗಳಲ್ಲಿ ಬಿಪಿಗೆ ಮೊದಲ ಸ್ಥಾನ. ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಬೊಜ್ಜು ಆಮೇಲೆ. ಕಣ್ಣೊಳಗಿನ ಒತ್ತಡ ಹೆಚ್ಚುವ ಗ್ಲಾಕೋಮಾ ಇದ್ದರೂ ವೇನ್ ಬ್ಲಾಕ್ ಆಗಬಹುದು. ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೂ ಒಂದು ಕಾರಣವೇ, ಡಾಕ್ಟರಿಗೆ ಹೇಳಿ.

"ನನಗೆ ಬಿಪಿ ಇಲ್ಲವಲ್ಲ! ಮತ್ತೆ ಯಾಕೆ ಬಂತು?"

ಈ ಪ್ರಶ್ನೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ಕೊನೆಯ ಸಲ ಬಿಪಿ ನೋಡಿಸಿದ್ದು ಯಾವಾಗ? ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುವವರು, ಕ್ಯಾಂಟೀನ್ ನಡೆಸುವವರು, ಪಾಳಿಯ ಕೆಲಸದವರು ತಲೆನೋವಿಲ್ಲ ಅಂದರೆ ಬಿಪಿ ಇಲ್ಲ ಅಂತಲೇ ನಂಬಿರುತ್ತಾರೆ. ಒಬ್ಬರು ಗಲ್ಲಾದಲ್ಲಿ ನೋಟು ಎಣಿಸುವಾಗ ಎಡಗಣ್ಣಿಗೆ ಗಾಂಧೀಜಿಯ ಮುಖದ ಅರ್ಧವೇ ಕಾಣಲಿಲ್ಲ ಅಂತ ಬಂದರು. ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿಪಿ 180ರ ಮೇಲೆ. "ನನಗೇನೂ ಆಗ್ತಾ ಇಲ್ವಲ್ಲ" ಅಂದರು. ಬಿಪಿಯ ತೊಂದರೆಯೇ ಅದು, ಏನೂ ಆಗುತ್ತಿಲ್ಲ ಅನ್ನಿಸಿಕೊಂಡೇ ವರ್ಷಗಳು ಕಳೆಯುತ್ತವೆ.

ಇನ್ನು ಕೆಲವರು ಬಿಪಿ ಇದೆ ಅಂತ ಗೊತ್ತಿದ್ದೂ ಮಾತ್ರೆ ಬಿಟ್ಟಿರುತ್ತಾರೆ. "ಈಗ ನಾರ್ಮಲ್ ಆಗಿದೆ, ಅದಕ್ಕೆ ನಿಲ್ಲಿಸಿದೆ" ಅನ್ನುತ್ತಾರೆ. ಅದು ನಾರ್ಮಲ್ ಆಗಿದ್ದು ಮಾತ್ರೆಯಿಂದಲೇ ಅಲ್ವಾ? ನಿಲ್ಲಿಸಿದರೆ ಮತ್ತೆ ಏರುತ್ತದೆ. ಮಾತ್ರೆ ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಮಾಡಲಿ. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ದಿನವೂ ಇದ್ದರೆ ಮೇಲುಪ್ಪು ಹಾಕಿಕೊಳ್ಳದಿದ್ದರೂ ಉಪ್ಪು ಜಾಸ್ತಿಯೇ ಆಗುತ್ತದೆ. ಊರಿಂದ ಬಂದ ಡಬ್ಬಿಯನ್ನು ಪೂರ್ತಿ ಬಿಡಿ ಅನ್ನಲು ನನಗೆ ಮನಸ್ಸಿಲ್ಲ, ಆದರೆ ದಿನಾ ಬೇಡ.

ಲಕ್ಷಣ ಹೇಗಿರುತ್ತದೆ?

ಒಂದೇ ಕಣ್ಣಿನಲ್ಲಿ, ನೋವಿಲ್ಲದೆ, ಇದ್ದಕ್ಕಿದ್ದ ಹಾಗೆ ಮಂಜು. ಬಹಳ ಜನ ಬೆಳಿಗ್ಗೆ ಎದ್ದಾಗ ಗಮನಿಸುತ್ತಾರೆ. ಕವಲಿನ ಬ್ಲಾಕ್ ಆಗಿದ್ದರೆ ದೃಷ್ಟಿಯ ಮೇಲಿನ ಅಥವಾ ಕೆಳಗಿನ ಭಾಗ ಮಾತ್ರ ಮಸುಕಾಗಬಹುದು, ಸಾಲುಗಳು ಸೊಟ್ಟಗೆ ಕಾಣಬಹುದು. ಮ್ಯಾಕುಲಾಕ್ಕೆ ತಾಗದ ಸಣ್ಣ ಬ್ಲಾಕ್ ಗೊತ್ತೇ ಆಗದೆ, ಕನ್ನಡಕದ ನಂಬರಿಗೆ ಅಂತ ಬಂದಾಗ ಸಿಗುವುದೂ ಉಂಟು.

ಕಣ್ಣು ಹೊರಗಿನಿಂದ ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಅದಕ್ಕೇ ಜನ "ಪೊರೆ ಬಂದಿರಬೇಕು, ದೀಪಾವಳಿ ಕಳೆದ ಮೇಲೆ ನೋಡೋಣ" ಅಂತ ಮುಂದೆ ಹಾಕುತ್ತಾರೆ. ಪೊರೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ನಿನ್ನೆ ಚೆನ್ನಾಗಿದ್ದ ಕಣ್ಣು ಇವತ್ತು ಮಂಜಾಗಿದ್ದರೆ ಅದು ಬೇರೆ ವಿಷಯ.

ಎಷ್ಟು ಬೇಗ ತೋರಿಸಬೇಕು?

ಅವತ್ತೇ ಅಥವಾ ಮರುದಿನ. ಯಾಕೆಂದರೆ ಮನೆಯಲ್ಲಿ ಕೂತು ಅದು ವೇನ್ ಬ್ಲಾಕೋ ಆರ್ಟರಿ ಬ್ಲಾಕೋ ಅಂತ ಹೇಳಲು ಆಗುವುದಿಲ್ಲ. ಆರ್ಟರಿ ಬ್ಲಾಕಿನಲ್ಲಿ ಕೆಲವೇ ಕ್ಷಣಗಳಲ್ಲಿ ಕಣ್ಣು ಪೂರ್ತಿ ಕತ್ತಲಾಗಬಹುದು. ಅದನ್ನು ಮಿದುಳಿನ ಸ್ಟ್ರೋಕಿನಷ್ಟೇ ತುರ್ತಾಗಿ ನೋಡುತ್ತಾರೆ, ಅಲ್ಲಿ ಗಂಟೆಗಳ ಲೆಕ್ಕ. ಹಾಗೆ ಕತ್ತಲು ಕವಿದರೆ, ಅಥವಾ ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ, ಕಣ್ಣಿನ ಕ್ಲಿನಿಕ್ ಹುಡುಕಬೇಡಿ. ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕೆಇಎಂ, ಸಯನ್, ನಾಯರ್, ಜೆಜೆ ಯಾವುದು ಹತ್ತಿರವೋ ಅದು.

ಯಾವ ಯಾವ ಟೆಸ್ಟ್ ಮಾಡುತ್ತಾರೆ?

ಮೊದಲು ಅಕ್ಷರ ಓದಿಸುತ್ತಾರೆ, ಕಣ್ಣಿನ ಒತ್ತಡ ಅಳೆಯುತ್ತಾರೆ, ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿ ಒಳಗೆ ನೋಡುತ್ತಾರೆ. ಆಮೇಲೆ ಓಸಿಟಿ ಅನ್ನುವ ಸ್ಕ್ಯಾನ್. ಗದ್ದ ಇಟ್ಟು ಒಂದು ಬೆಳಕನ್ನು ನೋಡುತ್ತಾ ಕೂತರಾಯಿತು, ಯಾವುದೂ ಕಣ್ಣಿಗೆ ತಾಗುವುದಿಲ್ಲ. ಮ್ಯಾಕುಲಾದಲ್ಲಿ ಎಷ್ಟು ಊತ ಇದೆ ಅಂತ ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ ಅದು ತೋರಿಸುತ್ತದೆ. ಮುಂದಿನ ಚಿಕಿತ್ಸೆಯೆಲ್ಲ ಹೆಚ್ಚಾಗಿ ಈ ಅಂಕಿ ನೋಡಿಕೊಂಡೇ ನಡೆಯುವುದರಿಂದ ಪ್ರಿಂಟನ್ನು ಜೋಪಾನವಾಗಿ ಇಡಿ.

ಕೆಲವರಿಗೆ ಕೈಯ ನರಕ್ಕೆ ಹಳದಿ ಬಣ್ಣದ ಔಷಧ ಕೊಟ್ಟು ಫೋಟೋ ತೆಗೆಯುತ್ತಾರೆ. ರಕ್ತ ಎಲ್ಲಿ ತಲುಪುತ್ತಿಲ್ಲ ಅಂತ ಅದರಲ್ಲಿ ಗೊತ್ತಾಗುತ್ತದೆ. ಒಂದೆರಡು ನಿಮಿಷ ವಾಕರಿಕೆ ಬರಬಹುದು. ಒಂದು ದಿನ ಮೂತ್ರ ಗಾಢ ಹಳದಿ ಬರುತ್ತದೆ, ಜಾಂಡೀಸ್ ಅಂತ ಹೆದರಬೇಡಿ. ಅಲರ್ಜಿ, ಕಿಡ್ನಿ ತೊಂದರೆ, ಗರ್ಭಿಣಿಯಾಗಿರುವುದು ಇಂಥದ್ದೆಲ್ಲ ಮೊದಲೇ ಹೇಳಿ. ಇದರ ಜೊತೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ರಕ್ತದ ಸಾಮಾನ್ಯ ಪರೀಕ್ಷೆ ಇದ್ದೇ ಇರುತ್ತದೆ.

ಪಾಪೆ ದೊಡ್ಡದಾದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಆ ಸ್ಥಿತಿಯಲ್ಲಿ ದಾದರಿನ ಸೇತುವೆಯ ಮೆಟ್ಟಿಲು ಇಳಿದು ಸಂಜೆಯ ಲೋಕಲ್ ಹಿಡಿಯುವುದು ಬೇಡವೇ ಬೇಡ. ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ, ಕಪ್ಪು ಕನ್ನಡಕ ತನ್ನಿ, ಬೈಕ್ ತರಬೇಡಿ.

ಹಾರ್ಟಿಗೆ ಆಂಜಿಯೋಪ್ಲಾಸ್ಟಿ ಮಾಡುತ್ತಾರಲ್ಲ, ಹಾಗೆ ಈ ಬ್ಲಾಕ್ ತೆಗೆಯಲು ಆಗುವುದಿಲ್ಲವಾ?

ಆಗುವುದಿಲ್ಲ. ಈ ನಾಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ದಪ್ಪ ಇರುತ್ತದೆ ಅಷ್ಟೇ. ಅದಕ್ಕೆ ಸ್ಟೆಂಟ್ ಇಲ್ಲ. ತಿಂಗಳುಗಳು ಕಳೆದಂತೆ ಕಣ್ಣೇ ಪಕ್ಕದ ಸಣ್ಣ ನಾಳಗಳಿಂದ ಬೇರೆ ದಾರಿ ಮಾಡಿಕೊಳ್ಳಲು ನೋಡುತ್ತದೆ. ಅಲ್ಲಿಯವರೆಗೆ ಮ್ಯಾಕುಲಾ ಹಾಳಾಗದಂತೆ ಕಾಯುವುದೇ ಚಿಕಿತ್ಸೆ.

ಹಾಗಾದರೆ ಇಂಜೆಕ್ಷನ್ ಏನು ಮಾಡುತ್ತದೆ?

ರಕ್ತ ಸಿಗದೆ ಕಂಗಾಲಾದ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ. ಇದರಿಂದ ನಾಳಗಳು ಇನ್ನಷ್ಟು ಸೋರುತ್ತವೆ, ಬೇಡದ ಹೊಸ ನಾಳಗಳೂ ಹುಟ್ಟುತ್ತವೆ. ಇಂಜೆಕ್ಷನ್ ಆ ಪ್ರೋಟೀನನ್ನು ತಡೆಯುತ್ತದೆ. ಸೋರುವುದು ಕಡಿಮೆಯಾಗಿ ಊತ ಇಳಿಯುತ್ತದೆ. ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಇವು ಹೆಚ್ಚು ಬಳಕೆಯಲ್ಲಿರುವ ಹೆಸರುಗಳು. ಇತ್ತೀಚೆಗೆ ಫಾರಿಸಿಮ್ಯಾಬ್ ಕೂಡ ಬಂದಿದೆ.

ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ದರೆ ಇಂಜೆಕ್ಷನ್‌ಗೆ ಮೊದಲೇ ಡಾಕ್ಟರಿಗೆ ತಿಳಿಸಲೇಬೇಕು.

ಕಣ್ಣಿಗೆ ಸೂಜಿ ಅಂದರೆ ಕೈಕಾಲು ನಡುಗುತ್ತದೆ. ನೋವಾಗುತ್ತಾ?

ಹೆದರಿಕೆ ಸಹಜ. ನಡೆಯುವುದು ಹೀಗೆ. ಮರಗಟ್ಟುವ ಡ್ರಾಪ್ಸ್ ಹಾಕುತ್ತಾರೆ. ರೆಪ್ಪೆ, ಕಣ್ಣು ಎರಡನ್ನೂ ಅಯೋಡಿನ್ ದ್ರಾವಣದಿಂದ ಸ್ವಚ್ಛ ಮಾಡುತ್ತಾರೆ. ನಿಜ ಹೇಳಬೇಕೆಂದರೆ ಉರಿಯುವುದು ಅದೇ, ಸಂಜೆವರೆಗೆ ಮರಳು ಬಿದ್ದ ಹಾಗೆ ಅನ್ನಿಸುವುದೂ ಅದರಿಂದಲೇ. ಮುಖಕ್ಕೆ ಬಟ್ಟೆ ಹೊದಿಸಿ, ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ ಇಡುತ್ತಾರೆ. ಕಪ್ಪು ಭಾಗದ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ದೂರದಲ್ಲಿ, ಬಿಳಿ ಭಾಗದಲ್ಲಿ, ತುಂಬಾ ಸಣ್ಣ ಸೂಜಿಯಿಂದ ಔಷಧ ಒಳಗೆ ಬಿಡುತ್ತಾರೆ. ಔಷಧ 0.05 ಮಿಲಿ, ಒಂದು ಹನಿಯಷ್ಟು. ಒತ್ತಿದ ಹಾಗೆ ಅನ್ನಿಸುತ್ತದೆ, ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಸೂಜಿ ಎದುರಿನಿಂದ ಬರುವುದು ನಿಮಗೆ ಕಾಣುವುದೂ ಇಲ್ಲ.

ಬಿಳಿ ಭಾಗದಲ್ಲಿ ರಕ್ತದ ಕಲೆ ಬಂದರೆ ಹೆದರಬೇಡಿ, ಎರಡು ವಾರದೊಳಗೆ ಹೋಗುತ್ತದೆ. ಆದರೆ ಮುಂದಿನ ದಿನಗಳಲ್ಲಿ ನೋವು ಏರುತ್ತಾ ಹೋದರೆ, ಕಣ್ಣು ಕೆಂಪಾಗಿ ದೃಷ್ಟಿ ಇಳಿದರೆ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಒಳಗೆ ಸೋಂಕಾಗುವುದು ತುಂಬಾ ಅಪರೂಪ, ಆದರೆ ಆದಾಗ ಪ್ರತಿ ಗಂಟೆಗೂ ಬೆಲೆ ಇದೆ. ಡಾಕ್ಟರು ಹೇಳುವವರೆಗೆ ತಲೆಗೆ ಸ್ನಾನ ಬೇಡ, ಕಣ್ಣು ಉಜ್ಜಬೇಡಿ.

ಒಂದು ಇಂಜೆಕ್ಷನ್ ಸಾಕಲ್ವಾ? ಈಗ ಚೆನ್ನಾಗಿ ಕಾಣುತ್ತಿದೆ.

ಇಡೀ ಪುಟದಲ್ಲಿ ನೀವು ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಔಷಧದ ಶಕ್ತಿ ಹೆಚ್ಚುಕಡಿಮೆ ನಾಲ್ಕು ವಾರದಿಂದ ಎಂಟು ವಾರ. ಅದು ಇಳಿದ ಮೇಲೆ ಬ್ಲಾಕ್ ಅಲ್ಲೇ ಇರುವುದರಿಂದ ನೀರು ಮತ್ತೆ ತುಂಬುತ್ತದೆ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ತಿಂಗಳಿಗೊಂದು ಕೊಡುತ್ತಾರೆ. ಆಮೇಲೆ ಓಸಿಟಿ ನೋಡುತ್ತಾ ಅಂತರ ಹೆಚ್ಚಿಸುತ್ತಾರೆ. ಕೆಲವರಿಗೆ ವರ್ಷದೊಳಗೆ ನಿಲ್ಲುತ್ತದೆ, ಕೆಲವರಿಗೆ ಎರಡು ಮೂರು ವರ್ಷವೂ ಬೇಕಾಗುತ್ತದೆ. ಮೊದಲ ದಿನವೇ ಯಾರೂ ಇಂತಿಷ್ಟೇ ಅಂತ ಹೇಳಲಾರರು.

ತಡವಾದರೆ ಏನಾಗುತ್ತದೆ ಅಂತ ತೋರಿಸಿದ ದೊಡ್ಡ ಪ್ರಯೋಗವೊಂದಿದೆ. 2010ರಲ್ಲಿ ಫಲಿತಾಂಶ ಬಂದ ಕ್ರೂಸ್ ಎಂಬ ಆ ಪ್ರಯೋಗದಲ್ಲಿ ಮುಖ್ಯ ವೇನ್ ಬ್ಲಾಕ್ ಆದವರಿಗೆ ರಾನಿಬಿಜುಮ್ಯಾಬ್ ಕೊಟ್ಟರು. ತಿಂಗಳಿಗೊಂದು ಪೂರ್ಣ ಡೋಸ್ ಪಡೆದವರು ಆರು ತಿಂಗಳಲ್ಲಿ ಅಕ್ಷರದ ಚಾರ್ಟಿನಲ್ಲಿ ಸರಾಸರಿ 15 ಅಕ್ಷರ, ಅಂದರೆ ಮೂರು ಸಾಲು, ಹೆಚ್ಚು ಓದಿದರು. ಔಷಧ ಸಿಗದ ಗುಂಪು ಸರಾಸರಿ ಒಂದು ಅಕ್ಷರದಷ್ಟೂ ಮುಂದೆ ಹೋಗಲಿಲ್ಲ. ಆರು ತಿಂಗಳ ನಂತರ ಆ ಗುಂಪಿಗೂ ಔಷಧ ಕೊಟ್ಟರು. ವರ್ಷದ ಕೊನೆಗೆ ಅವರು ಗಳಿಸಿದ್ದು ಸುಮಾರು 7 ಅಕ್ಷರ. ಮೊದಲೇ ಶುರು ಮಾಡಿದವರು ಸುಮಾರು 14ರಲ್ಲಿದ್ದರು. ಔಷಧ ಅದೇ, ವ್ಯತ್ಯಾಸ ಮಾಡಿದ್ದು ತಡ.

ನಮ್ಮವರಲ್ಲಿ ಚಿಕಿತ್ಸೆ ಹೇಗೆ ತುಂಡಾಗುತ್ತದೆ ಅಂತ ನಾನು ನೋಡುತ್ತಲೇ ಇದ್ದೇನೆ. ಮೊದಲ ಇಂಜೆಕ್ಷನ್ ಆಗಿ ಪೇಪರ್ ಓದಲು ಬಂತು, ಖುಷಿ. ಅಷ್ಟರಲ್ಲಿ ಮೇ ತಿಂಗಳು, ಊರಲ್ಲಿ ಮದುವೆ, ಕೋಲ, ಗೃಹಪ್ರವೇಶ. ತಾರೀಕು ತಪ್ಪುತ್ತದೆ. ಮಳೆ ಹಿಡಿದ ಮೇಲೆ ವಾಪಸ್ ಬಂದಾಗ ಮ್ಯಾಕುಲಾ ಮತ್ತೆ ಊದಿರುತ್ತದೆ, ಈ ಸಲ ಅಷ್ಟೇ ಇಂಜೆಕ್ಷನ್‌ಗೆ ಅಷ್ಟು ಫಲ ಸಿಗುವುದಿಲ್ಲ. ದಯವಿಟ್ಟು ಹೀಗೆ ಮಾಡಬೇಡಿ.

ಖರ್ಚು ಎಷ್ಟು? ಸಹಾಯ ಸಿಗುತ್ತದಾ?

ಮೂಲ ಬ್ರಾಂಡಿನ ಔಷಧಗಳು ದುಬಾರಿ. ಬೆವಾಸಿಜುಮ್ಯಾಬ್ ಕ್ಯಾನ್ಸರಿಗೆಂದು ಬಂದ ಔಷಧ, ಕಣ್ಣಿಗೆ ಅದನ್ನು ಸಣ್ಣ ಡೋಸ್ ಮಾಡಿ ಕೊಡುವುದರಿಂದ ತುಂಬಾ ಅಗ್ಗ. 2017ರ ಸ್ಕೋರ್-2 ಪ್ರಯೋಗದಲ್ಲಿ ಮೊದಲ ಆರು ತಿಂಗಳ ದೃಷ್ಟಿಯ ಮಟ್ಟಿಗೆ ಇದು ಅಫ್ಲಿಬರ್ಸೆಪ್ಟಿಗೆ ಕಡಿಮೆಯಿಲ್ಲ ಅಂತ ಕಂಡಿತು. ರಾನಿಬಿಜುಮ್ಯಾಬಿನ ಭಾರತೀಯ ಆವೃತ್ತಿ ರಜುಮ್ಯಾಬ್ 2015ರಿಂದ ಸಿಗುತ್ತಿದೆ, ಅದೂ ಮೂಲ ಬ್ರಾಂಡಿಗಿಂತ ಕಡಿಮೆ ಬೆಲೆಗೆ. "ಕಡಿಮೆ ಬೆಲೆಯದ್ದು ನನಗೆ ಆಗುತ್ತದಾ?" ಅಂತ ಡಾಕ್ಟರನ್ನು ಕೇಳಲು ಸಂಕೋಚ ಬೇಡ. ದುಬಾರಿಯದ್ದು ಒಂದು ತೆಗೆದುಕೊಂಡು ನಿಲ್ಲಿಸುವುದಕ್ಕಿಂತ ಅಗ್ಗದ್ದನ್ನು ತಪ್ಪದೆ ತೆಗೆದುಕೊಳ್ಳುವುದು ಎಷ್ಟೋ ಮೇಲು.

ಮೆಡಿಕ್ಲೇಮ್ ಇದ್ದರೆ ಪಾಲಿಸಿ ಕಾಗದ ತೆಗೆದು ನೋಡಿ. 2019ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಕಣ್ಣೊಳಗಿನ ಇಂಜೆಕ್ಷನ್ನನ್ನು ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಆದರೆ ಕಂಪನಿಗಳು ಅದಕ್ಕೆ ಮಿತಿ ಹಾಕಿರುತ್ತವೆ, ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಹೋಟೆಲು, ಕಾರ್ಖಾನೆ ಕೆಲಸದವರಲ್ಲಿ ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ ಆ ಕಾರ್ಡು ಬಳಸಿ. ಸಂಬಳದಿಂದ ದುಡ್ಡು ಹೋಗುತ್ತಿದ್ದರೂ ಕಾರ್ಡು ಪೆಟ್ಟಿಗೆಯಲ್ಲೇ ಇಟ್ಟುಕೊಂಡವರು ಬಹಳ. ಮಹಾಪಾಲಿಕೆಯ ಮತ್ತು ಸರ್ಕಾರಿ ದೊಡ್ಡ ಆಸ್ಪತ್ರೆಗಳಲ್ಲಿ ಸಾಲು ಉದ್ದ, ಆದರೆ ಖರ್ಚು ತುಂಬಾ ಕಡಿಮೆ.

ಸ್ಟೀರಾಯ್ಡ್, ಲೇಸರ್ ಯಾವಾಗ?

ಇಂಜೆಕ್ಷನ್‌ಗೆ ಸರಿಯಾಗಿ ಬಗ್ಗದಿದ್ದರೆ, ಅಥವಾ ತಿಂಗಳು ತಿಂಗಳು ಬರಲು ಆಗದವರಿಗೆ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಸಣ್ಣ ಕಡ್ಡಿಯನ್ನು ಕಣ್ಣೊಳಗೆ ಇಡುತ್ತಾರೆ. ಅದು ಕೆಲವು ತಿಂಗಳು ನಿಧಾನವಾಗಿ ಕರಗುತ್ತದೆ. ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಗ್ಲಾಕೋಮಾ ಇರುವವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಇಂಜೆಕ್ಷನ್‌ಗಳು ಬರುವ ಮೊದಲು ಕವಲಿನ ಬ್ಲಾಕಿನ ಊತಕ್ಕೆ ಲೇಸರೇ ದಾರಿಯಾಗಿತ್ತು. ಈಗ ಲೇಸರ್ ಮುಖ್ಯವಾಗಿ ಬೇಡದ ಹೊಸ ನಾಳಗಳು ಹುಟ್ಟಿದಾಗ ಬೇಕಾಗುತ್ತದೆ.

"ಮೂರು ತಿಂಗಳ ಹುಷಾರು" ಅಂತ ಡಾಕ್ಟರು ಹೇಳಿದರು. ಏನದು?

ಮುಖ್ಯ ವೇನ್ ಬ್ಲಾಕಿನಲ್ಲಿ ರೆಟಿನಾದ ದೊಡ್ಡ ಭಾಗಕ್ಕೆ ರಕ್ತ ನಿಂತುಹೋಗಿದ್ದರೆ ಕಣ್ಣಿನ ಮುಂಭಾಗದಲ್ಲೂ ಹೊಸ ನಾಳಗಳು ಬೆಳೆದು ನೀರು ಹೊರಹೋಗುವ ದಾರಿ ಮುಚ್ಚಬಹುದು. ಒತ್ತಡ ವಿಪರೀತ ಏರಿ ನೋವಿನ ಗ್ಲಾಕೋಮಾ ಬರುತ್ತದೆ. ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ ಬರುವುದರಿಂದ ಇದನ್ನು ತೊಂಬತ್ತು ದಿನದ ಗ್ಲಾಕೋಮಾ ಅಂತಲೂ ಕರೆಯುತ್ತಾರೆ. ಶುರುವಿನಲ್ಲಿ ಇಷ್ಟೊಂದು ತೊಂದರೆ ಇಲ್ಲದ ಬ್ಲಾಕ್ ಕೂಡ ಮುಂದೆ ಈ ಬಗೆಗೆ ತಿರುಗಬಹುದು. ಆದ್ದರಿಂದ ಇಂಜೆಕ್ಷನ್ ಇಲ್ಲದ ತಿಂಗಳಲ್ಲೂ ತಪಾಸಣೆಗೆ ಬರಲೇಬೇಕು. ಇಲ್ಲಿನ ಮರಾಠಿ ಸಿಸ್ಟರ್‌ಗಳು ಕಾಚಬಿಂದೂ ಅಂದರೆ ಗ್ಲಾಕೋಮಾ, ಮೋತಿಬಿಂದೂ ಅಂದರೆ ಪೊರೆ. ಎರಡನ್ನೂ ಒಂದೇ ಅಂದುಕೊಂಡು ನಿರಾಳವಾಗಿ ಮನೆಗೆ ಹೋದವರಿದ್ದಾರೆ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಂಡರೆ ಬ್ಲಾಕ್ ಕರಗುವುದಿಲ್ಲವಾ?

ಆಸ್ಪಿರಿನ್ನಿನಿಂದ ರೆಟಿನಾದ ವೇನ್ ಬ್ಲಾಕ್ ಸರಿಹೋಗುತ್ತದೆ ಅನ್ನಲು ಆಧಾರವಿಲ್ಲ. ಸುಮ್ನೆ ಶುರು ಮಾಡಬೇಡಿ. ಹಾರ್ಟಿಗೆಂದು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಕಣ್ಣಿನ ಹೆದರಿಕೆಗೆ ನಿಲ್ಲಿಸಲೂ ಬೇಡಿ.

ಆಯುರ್ವೇದ, ಯೋಗ, ಕಣ್ಣಿನ ವ್ಯಾಯಾಮ?

ಹೊರಗಿನಿಂದ ಹಾಕುವ ಯಾವ ಡ್ರಾಪ್ಸೂ ಈ ಬ್ಲಾಕನ್ನು ಬಿಡಿಸುವುದಿಲ್ಲ. ನಡಿಗೆ, ಪ್ರಾಣಾಯಾಮ ಬಿಪಿಗೆ ಒಳ್ಳೆಯದು, ಮಾಡಿ. ಶೀರ್ಷಾಸನದಂತೆ ತಲೆ ಕೆಳಗಾಗುವ ಆಸನಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ, ಬೇಡ.

ನನ್ನ ತಮ್ಮನಿಗೆ ಇನ್ನೂ 32. ಅವನಿಗೂ ಬಂತಲ್ಲ?

ಸಣ್ಣ ವಯಸ್ಸಿನಲ್ಲಿ ಬಂದರೆ ಹುಡುಕಾಟ ಬೇರೆ. ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವ, ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಹೆಚ್ಚಿರುವುದು, ರಕ್ತನಾಳದ ಉರಿಯೂತ, ಹೆಂಗಸರಲ್ಲಿ ಗರ್ಭನಿರೋಧಕ ಮಾತ್ರೆ ಇವನ್ನೆಲ್ಲ ನೋಡುತ್ತಾರೆ. ನಮ್ಮ ದೇಶದಲ್ಲಿ ಟಿಬಿಯನ್ನೂ ತಪಾಸಣೆ ಮಾಡಿಸುತ್ತಾರೆ. ಟೆಸ್ಟಿನ ಪಟ್ಟಿ ಉದ್ದವಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಈ ವಯಸ್ಸಲ್ಲೂ ಮೊದಲು ನೋಡಬೇಕಾದದ್ದು ಬಿಪಿಯೇ.

ದೃಷ್ಟಿ ಪೂರ್ತಿ ವಾಪಸ್ ಬರುತ್ತದಾ? ಇನ್ನೊಂದು ಕಣ್ಣಿಗೂ ಬಂದರೆ?

ಕವಲಿನ ಬ್ಲಾಕಿನಲ್ಲಿ ಬೇಗ ಚಿಕಿತ್ಸೆ ಸಿಕ್ಕರೆ ಬಹಳ ಜನ ಮತ್ತೆ ಓದುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಮುಖ್ಯ ವೇನ್ ಬ್ಲಾಕಿನಲ್ಲಿ ಮ್ಯಾಕುಲಾಕ್ಕೆ ರಕ್ತ ನಿಂತುಹೋಗಿದ್ದರೆ ಊತ ಇಳಿದರೂ ದೃಷ್ಟಿ ಅಷ್ಟಾಗಿ ಮರಳುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸುಳ್ಳು ಭರವಸೆ ಕೊಟ್ಟರೆ ಮೂರನೇ ಇಂಜೆಕ್ಷನ್‌ಗೇ ಬರುವುದು ನಿಲ್ಲಿಸುತ್ತಾರೆ.

ಇನ್ನೊಂದು ಕಣ್ಣಿಗೆ ಬರುವ ಸಾಧ್ಯತೆ ಇದೆ, ಬಿಪಿ ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಓದಿ ನೋಡಿ, ಆಮೇಲೆ ಬದಲಿಸಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ.

ಎರಡು ತಿಂಗಳು ಊರಿಗೆ ಹೋಗಲೇಬೇಕು. ಏನು ಮಾಡಲಿ?

ಹೋಗಿ ಬನ್ನಿ, ಆದರೆ ಟಿಕೆಟ್ ಮಾಡಿಸುವ ಮೊದಲೇ ಡಾಕ್ಟರಿಗೆ ತಾರೀಕು ಹೇಳಿ. ಹೊರಡುವ ವಾರದಲ್ಲೇ ಇಂಜೆಕ್ಷನ್ ಮುಗಿಸಬಹುದು, ಅಥವಾ ಊರಿನ ಕಡೆ ಮುಂದಿನದ್ದನ್ನು ಪಡೆಯಬಹುದು. ಮಣಿಪಾಲದ ಕೆಎಂಸಿ, ಬೆಂಗಳೂರಿನ ಮಿಂಟೋದಂಥ ಆಸ್ಪತ್ರೆಗಳಲ್ಲಿ ರೆಟಿನಾ ಡಾಕ್ಟರಿದ್ದಾರೆ. ಮೊದಲ ದಿನದ ಮತ್ತು ಕೊನೆಯ ದಿನದ ಓಸಿಟಿ ಪ್ರಿಂಟ್, ಯಾವ ಔಷಧ ಯಾವ ತಾರೀಕಿಗೆ ಯಾವ ಕಣ್ಣಿಗೆ ಕೊಟ್ಟರು ಅನ್ನುವ ಚೀಟಿ, ಬಿಪಿ ಶುಗರ್ ಮಾತ್ರೆಗಳ ಹೆಸರು, ಇವಿಷ್ಟನ್ನು ಒಂದು ಫೈಲಿನಲ್ಲಿ ಹಾಕಿ. ಫೋನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ಬಿಪಿ ಮಾತ್ರೆಯನ್ನು ಎರಡು ತಿಂಗಳಿಗೆ ಸಾಕಾಗುವಷ್ಟು ಇಲ್ಲಿಂದಲೇ ಕೊಂಡು ಹೋಗಿ, ಊರಿನ ಅಂಗಡಿಯಲ್ಲಿ ಅದೇ ಹೆಸರಿನದ್ದು ಸಿಗದಿದ್ದರೆ ಅಲ್ಲಿಗೇ ಬಿಟ್ಟುಬಿಡುವವರು ಜಾಸ್ತಿ.